ಮನೆಯ ಇಂಟರ್‌ನೆಟ್ ಸಂಪರ್ಕದಲ್ಲಿ ಸ್ವಂತ ನೇಮ್ ಸರ್ವರ್: ಪದೇ ಪದೇ ಕೇಳುವ ಪ್ರಶ್ನೆಗಳು

ನೇಮ್ ಸರ್ವರ್ ಎಂದಾಗ ಇಲ್ಲಿ ಯಾವುದನ್ನು ಕುರಿತು ಹೇಳಲಾಗುತ್ತಿದೆ?

ಈ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳಿವೆ. ಮನೆಯಲ್ಲಿ ಡಿಎನ್‌ಎಸ್, ಅಂದರೆ ಹೆಸರಿಗೆ ತಕ್ಕ ಐಪಿ ವಿಳಾಸವನ್ನು ತಿಳಿಸುವ ವ್ಯವಸ್ಥೆಯನ್ನು, ನಡೆಸಲು ಹೊರಟವರ ತೊಡಕುಗಳಲ್ಲಿ ಬಹುಪಾಲು ಇವೆರಡನ್ನೂ ಒಂದೆಂದು ತಿಳಿಯುವುದರಿಂದಲೇ ಹುಟ್ಟುತ್ತವೆ. ಮೊದಲನೆಯದು ಅಧಿಕೃತ ನೇಮ್ ಸರ್ವರ್. ಇದು ನೀವು ನೋಂದಾಯಿಸಿಕೊಂಡ ಡೊಮೇನಿನ ರೆಕಾರ್ಡುಗಳನ್ನು, ಎಂದರೆ ಯಾವ ಹೆಸರಿಗೆ ಯಾವ ವಿಳಾಸ ಎಂಬಂಥ ನಮೂದುಗಳನ್ನು, ಇಟ್ಟುಕೊಂಡು, ಜಗತ್ತಿನಲ್ಲಿ ಯಾರೇ ಕೇಳಿದರೂ ಆ ಡೊಮೇನಿನ ಬಗ್ಗೆ ಮಾತ್ರ ಉತ್ತರ ಕೊಡುತ್ತದೆ. ಎರಡನೆಯದು ರಿಸಾಲ್ವರ್. ಇದು ಮನೆಯ ಫೋನು, ಲ್ಯಾಪ್‌ಟಾಪು, ಟೀವಿಗಳ ಪರವಾಗಿ ಎಲ್ಲಕ್ಕೂ ಮೇಲಿನ ಹಂತದ ರೂಟ್ ಸರ್ವರ್‌ಗಳಿಂದ ಆರಂಭಿಸಿ ಹಂತ ಹಂತವಾಗಿ ಕೆಳಗಿಳಿದು, ಯಾವ ಹೆಸರನ್ನು ಕೇಳಿದರೂ ಅದರ ವಿಳಾಸವನ್ನು ಹುಡುಕಿ ತರುತ್ತದೆ. ಮೊದಲನೆಯದು ಎಲ್ಲರಿಗೂ ಉತ್ತರಿಸಬೇಕು, ಎರಡನೆಯದು ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಉತ್ತರಿಸಬಾರದು.

ಬೈಂಡ್ ತಂತ್ರಾಂಶವು ಬಹಳ ಕಾಲದಿಂದ ಎರಡೂ ಕೆಲಸಗಳನ್ನು ಒಂದೇ ಪ್ರಕ್ರಿಯೆಯಲ್ಲಿ ಮಾಡುತ್ತ ಬಂದಿರುವುದರಿಂದ ಈ ಗೊಂದಲ ಇನ್ನಷ್ಟು ಬೇರೂರಿತು. ಈಗ ಎನ್‌ಎಸ್‌ಡಿ, ನಾಟ್ ಡಿಎನ್‌ಎಸ್, ಪವರ್‌ಡಿಎನ್‌ಎಸ್ ಮೊದಲಾದವು ಅಧಿಕೃತ ಉತ್ತರಕ್ಕೂ, ಅನ್‌ಬೌಂಡ್ ರಿಸಾಲ್ವರ್ ಕೆಲಸಕ್ಕೂ ಪ್ರತ್ಯೇಕವಾಗಿಯೇ ಸಿಗುತ್ತವೆ. ಹೊಸದಾಗಿ ಆರಂಭಿಸುವವರು ಈ ಬೇರ್ಪಡೆಯನ್ನು ಮೊದಲ ದಿನದಿಂದಲೇ ಪಾಲಿಸಬೇಕು. ಆಮೇಲೆ ಬಿಡಿಸುತ್ತ ಕೂರುವುದು ಬೇಸರದ ಕೆಲಸ.

ಡೊಮೇನನ್ನು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಉಚಿತವಾಗಿಯೇ ಡಿಎನ್‌ಎಸ್ ಕೊಡುವಾಗ ಮನೆಯಲ್ಲಿ ಏಕೆ ನಡೆಸಬೇಕು?

ಒಂದು ಜಾಲತಾಣ, ಒಂದೆರಡು ಇಮೇಲ್ ವಿಳಾಸ, ಇಷ್ಟೇ ಇದ್ದರೆ ನಡೆಸುವ ಅಗತ್ಯವಿಲ್ಲ. ರಿಜಿಸ್ಟ್ರಾರ್ ಕೊಡುವ ಪುಟದಲ್ಲಿ ನಾಲ್ಕು ಸಾಲು ತುಂಬಿ ಬಿಟ್ಟರೆ ವರ್ಷಗಟ್ಟಲೆ ಅದರತ್ತ ತಿರುಗಿ ನೋಡಬೇಕಿಲ್ಲ. ಆದರೆ ಆ ಪುಟಗಳಲ್ಲಿ ಹಲವು ಬಗೆಯ ರೆಕಾರ್ಡುಗಳಿಗೆ ಜಾಗವೇ ಇರುವುದಿಲ್ಲ. ಎಸ್‌ಎಸ್‌ಎಚ್ ಕೀಲಿಯ ಗುರುತನ್ನು ಪ್ರಕಟಿಸುವ ರೆಕಾರ್ಡಾಗಲಿ, ಇಮೇಲ್ ಸರ್ವರಿನ ಪ್ರಮಾಣಪತ್ರವನ್ನು ಕಟ್ಟಿಹಾಕುವ ಟಿಎಲ್‌ಎಸ್‌ಎ ರೆಕಾರ್ಡಾಗಲಿ ಬೇಕೆಂದವರಿಗೆ ಅಲ್ಲಿ ದಾರಿ ಮುಚ್ಚಿರುವುದೇ ಹೆಚ್ಚು. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಒಂದು ಡೊಮೇನಿನ ಎಲ್ಲ ಉಪಹೆಸರುಗಳಿಗೂ ಸಲ್ಲುವ ಪ್ರಮಾಣಪತ್ರವನ್ನು ಪಡೆಯಬೇಕಾದರೆ ಡಿಎನ್‌ಎಸ್‌ನಲ್ಲಿ ಒಂದು ಟೆಕ್ಸ್ಟ್ ರೆಕಾರ್ಡನ್ನು ತಾನಾಗಿ ಹಾಕಿ ತೆಗೆಯುವ ಏರ್ಪಾಡು ಇರಬೇಕು. ಸ್ವಂತ ಸರ್ವರ್ ಇದ್ದರೆ 2136ನೇ ಆರ್‌ಎಫ್‌ಸಿ (ಅಂತರಜಾಲದ ತಾಂತ್ರಿಕ ವಿಧಾನಗಳನ್ನು ವಿವರಿಸುವ ದಾಖಲೆಗಳ ಸರಣಿ) ವಿವರಿಸುವ ಡೈನಾಮಿಕ್ ಅಪ್‌ಡೇಟ್ ವಿಧಾನದಿಂದ ಅದು ಸುಲಭವಾಗುತ್ತದೆ. ಡೊಮೇನಿನ ರೆಕಾರ್ಡುಗಳ ಗುಂಪು, ಎಂದರೆ ಝೋನ್, ಇರುವ ಝೋನ್ ಫೈಲು ನಿಮ್ಮ ಕೈಯಲ್ಲಿ ಸರಳ ಪಠ್ಯವಾಗಿ ಇರುವುದರಿಂದ ಯಾವ ಸಾಲನ್ನು ಯಾವಾಗ ಬದಲಾಯಿಸಿದಿರಿ ಎಂಬುದನ್ನು ಗಿಟ್‌ನಲ್ಲಿ ದಾಖಲಿಸಿಕೊಳ್ಳಬಹುದು. ಇವೆಲ್ಲಕ್ಕೂ ಮಿಗಿಲಾಗಿ, 1987ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಬರೆದ 1034 ಮತ್ತು 1035ನೇ ಆರ್‌ಎಫ್‌ಸಿಗಳ ಮೇಲೆ ಇಂದಿಗೂ ನಿಂತಿರುವ ಈ ವ್ಯವಸ್ಥೆಯನ್ನು ಅರಿಯಲು ನಡೆಸಿ ನೋಡುವಷ್ಟು ಒಳ್ಳೆಯ ಮಾರ್ಗ ಇನ್ನೊಂದಿಲ್ಲ.

ಹೊರಗಿನವರು ನನ್ನ ಮನೆಯ ಸರ್ವರನ್ನು ತಲುಪಬಲ್ಲರೇ ಎಂದು ತಿಳಿಯುವುದು ಹೇಗೆ?

ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಹೊರಬದಿಯ, ಅಂದರೆ ವ್ಯಾನ್ ಬದಿಯ ಐಪಿ ವಿಳಾಸವನ್ನು ನೋಡಿ ಬರೆದಿಟ್ಟುಕೊಳ್ಳಿ. ಬಳಿಕ ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ಜಾಲತಾಣವನ್ನು ತೆರೆಯಿರಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸಾರ್ವಜನಿಕ ವಿಳಾಸವಿದೆ. ಬೇರೆಯಾಗಿದ್ದು, ರೂಟರಿನಲ್ಲಿ ಕಾಣುವ ವಿಳಾಸವು 100.64ರಿಂದ 100.127ರವರೆಗಿನ ಯಾವುದರಿಂದಾದರೂ ಆರಂಭವಾಗಿದ್ದರೆ ನೀವು ಸೇವಾದಾರರ ಕ್ಯಾರಿಯರ್ ಗ್ರೇಡ್ ನ್ಯಾಟ್, ಎಂದರೆ ಒಂದು ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಉಪಕರಣದ, ಹಿಂದೆ ಇದ್ದೀರಿ. ಈ ವಿಳಾಸಗಳ ಗುಂಪನ್ನು 2012ರ 6598ನೇ ಆರ್‌ಎಫ್‌ಸಿ ಇದಕ್ಕೆಂದೇ ಮೀಸಲಿಟ್ಟಿದೆ. ಕೆಲವು ಸೇವಾದಾರರು 10ರಿಂದ ಆರಂಭವಾಗುವ ಖಾಸಗಿ ವಿಳಾಸಗಳನ್ನೇ ಇದಕ್ಕೆ ಬಳಸುವುದುಂಟು.

ಏಷ್ಯಾ ಪೆಸಿಫಿಕ್ ಪ್ರದೇಶಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲಿಯೇ ತನ್ನ ಐಪಿವಿ4 (ಹಳೆಯ, ಮಿತ ಸಂಖ್ಯೆಯ ಐಪಿ ವಿಳಾಸಗಳು) ದಾಸ್ತಾನಿನ ಕೊನೆಯ ಪಾಲಿಗೆ ಬಂದು, ಅಂದಿನಿಂದ ಅಳೆದು ಸುರಿದು ಕೊಡತೊಡಗಿತು. ಭಾರತದಲ್ಲಿ ಮನೆಮನೆಗೆ ಫೈಬರ್ ಬಂದದ್ದು ಬಹುಮಟ್ಟಿಗೆ ಆ ಬಳಿಕ. ಹಾಗಾಗಿ ಒಂದು ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವುದು ಇಲ್ಲಿ ಸಾಮಾನ್ಯ. ಇಂಥ ಸಂಪರ್ಕದಲ್ಲಿ ನಿಮ್ಮ ರೂಟರಿನಲ್ಲಿ ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ, ಎಂದರೆ ಹೊರಗಿನ ಕೋರಿಕೆಯನ್ನು ಒಳಗಿನ ಯಂತ್ರಕ್ಕೆ ದಾಟಿಸಲು ಹೊಂದಿಸಿದರೂ, ಪ್ರಯೋಜನವಿಲ್ಲ, ಏಕೆಂದರೆ ಬಾಗಿಲು ಮುಚ್ಚಿರುವುದು ಸೇವಾದಾರರ ಉಪಕರಣದಲ್ಲಿ. ತಿಂಗಳಿಗೋ ವರ್ಷಕ್ಕೋ ಹೆಚ್ಚಿನ ಹಣ ಕೊಟ್ಟು ಬದಲಾಗದ ವಿಳಾಸ, ಎಂದರೆ ಸ್ಟ್ಯಾಟಿಕ್ ಐಪಿ, ಕೊಳ್ಳುವುದು ಒಂದು ಉಪಾಯ. ಮುಂದೆ ವಿವರಿಸಿರುವ ಮರೆಯ ಪ್ರೈಮರಿ ಎಂಬ ವ್ಯವಸ್ಥೆ ಇನ್ನೊಂದು. ನನ್ನ ಒಲವು ಎರಡನೆಯದರ ಕಡೆಗೆ.

ಹೊಸ ಬಗೆಯ ವಿಳಾಸಗಳಾದ ಐಪಿವಿ6 ಇದೆಯಲ್ಲ, ಅದರ ಮೇಲೆಯೇ ನಡೆಸಬಾರದೇ?

ನಡೆಸಬಹುದು, ಅದೊಂದರ ಮೇಲೆಯೇ ಅಲ್ಲ. ಇಂದಿಗೂ ಐಪಿವಿ4 ಮಾತ್ರ ಇರುವ ರಿಸಾಲ್ವರ್‌ಗಳು ಲೆಕ್ಕವಿಲ್ಲದಷ್ಟಿವೆ, ಅವುಗಳ ಪಾಲಿಗೆ ನಿಮ್ಮ ಡೊಮೇನ್ ಇಲ್ಲದಂತೆಯೇ ಆಗುತ್ತದೆ. ಪ್ರತಿ ಝೋನಿಗೂ ಐಪಿವಿ4 ಮೂಲಕ ತಲುಪಬಲ್ಲ ನೇಮ್ ಸರ್ವರ್ ಒಂದಾದರೂ ಇರಬೇಕೆಂದು 2004ರ 3901ನೇ ಆರ್‌ಎಫ್‌ಸಿ ಹೇಳಿದ್ದು ಈ ಕಾರಣಕ್ಕೇ. ರೂಟರ್ ಒಮ್ಮೆ ಆರಿ ಹತ್ತಿದಾಗ ಮನೆಗೆ ಕೊಟ್ಟ ಐಪಿವಿ6 ಪ್ರಿಫಿಕ್ಸೇ (ವಿಳಾಸದ ಮೊದಲ ಭಾಗ) ಬದಲಾಗುವ ಸಂಪರ್ಕಗಳೂ ಇವೆ, ಇದನ್ನು ಮೊದಲೇ ಪರೀಕ್ಷಿಸಿ ನೋಡಬೇಕು.

ವಿಳಾಸ ಆಗಾಗ ಬದಲಾಗುತ್ತದೆ. ಬದಲಾದ ವಿಳಾಸವನ್ನು ರೆಕಾರ್ಡಿನಲ್ಲಿ ತಾನಾಗಿ ತಿದ್ದುವ ಡೈನಾಮಿಕ್ ಡಿಎನ್‌ಎಸ್ ಸೇವೆ ಇದಕ್ಕೆ ಸಾಲದೇ?

ಸಾಲದು. ಮನೆಯ ಕ್ಯಾಮೆರಾ ಅಥವಾ ಫೈಲ್ ಸರ್ವರಿನ ವಿಳಾಸ ಬದಲಾದರೆ ನೇಮ್ ಸರ್ವರಿನಲ್ಲಿರುವ ಒಂದು ರೆಕಾರ್ಡನ್ನು ತಿದ್ದಿದರೆ ಆಯಿತು. ಆ ರೆಕಾರ್ಡಿನ ಟಿಟಿಎಲ್, ಎಂದರೆ ರಿಸಾಲ್ವರ್‌ಗಳು ಅದನ್ನು ನೆನಪಿಡುವ ಅವಧಿ, ಐದು ನಿಮಿಷವೆಂದು ಇಟ್ಟಿದ್ದರೆ ಐದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ. ನೇಮ್ ಸರ್ವರಿನದೇ ವಿಳಾಸ ಬದಲಾದರೆ ಪರಿಸ್ಥಿತಿ ಬೇರೆ.

ನಿಮ್ಮ ಡೊಮೇನಿನ ನೇಮ್ ಸರ್ವರ್ ಅದೇ ಡೊಮೇನಿನ ಒಳಗಿನ ಹೆಸರನ್ನು ಹೊತ್ತಿದ್ದರೆ, ಅದರ ವಿಳಾಸವನ್ನು ತಿಳಿಯಲು ಅದನ್ನೇ ಕೇಳಬೇಕು, ಅದನ್ನು ಕೇಳಲು ಅದರ ವಿಳಾಸ ಮೊದಲೇ ಗೊತ್ತಿರಬೇಕು. ಈ ಸುತ್ತನ್ನು ಬಿಡಿಸಲು ಮೇಲಿನ ಹಂತದ ರಿಜಿಸ್ಟ್ರಿಯು (ಡಾಟ್ ಕಾಮ್‌ನಂಥ ಹೆಸರುಗಳ ಝೋನನ್ನು ನಡೆಸುವ ಸಂಸ್ಥೆ) ನೇಮ್ ಸರ್ವರಿನ ಹೆಸರಿನ ಜೊತೆಗೆ ವಿಳಾಸವನ್ನೂ ಇಟ್ಟುಕೊಂಡಿರುತ್ತದೆ. ಇದಕ್ಕೆ ಗ್ಲೂ ರೆಕಾರ್ಡ್ ಎನ್ನುತ್ತಾರೆ. ಅದನ್ನು ಬದಲಾಯಿಸಬೇಕಾದರೆ ರಿಜಿಸ್ಟ್ರಾರ್ ಪುಟದಲ್ಲಿ ಹೋಸ್ಟ್ ಅಥವಾ ಚೈಲ್ಡ್ ನೇಮ್ ಸರ್ವರ್ ಎಂಬ ಭಾಗಕ್ಕೆ ಹೋಗಿ ತಿದ್ದಬೇಕು. ಡಾಟ್ ಕಾಮ್ ಝೋನಿನಲ್ಲಿ ಈ ರೆಕಾರ್ಡುಗಳ ಟಿಟಿಎಲ್ 172800 ಸೆಕೆಂಡು, ಎಂದರೆ ಎರಡು ದಿನ. ನೀವು ತಿದ್ದಿದ ಮೇಲೂ ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡ ರಿಸಾಲ್ವರ್‌ಗಳು ಅಷ್ಟು ಹೊತ್ತು ಅಲ್ಲಿಗೇ ಹೋಗುತ್ತಿರಬಹುದು. ಆ ವಿಳಾಸ ಅಷ್ಟರಲ್ಲಿ ಬೇರೆ ಯಾರದೋ ಮನೆಯ ರೂಟರಿಗೆ ಸೇರಿರುತ್ತದೆ.

ಕನಿಷ್ಠ ಎರಡು ನೇಮ್ ಸರ್ವರ್ ಬೇಕೆನ್ನುತ್ತಾರೆ. ಒಂದೇ ಯಂತ್ರಕ್ಕೆ ಎರಡು ಹೆಸರು ಕೊಟ್ಟರೆ ನಡೆಯುವುದಿಲ್ಲವೇ?

ರಿಜಿಸ್ಟ್ರಾರ್ ಪುಟವನ್ನು ಒಪ್ಪಿಸಬಹುದು, ವೈಫಲ್ಯವನ್ನು ಒಪ್ಪಿಸಲಾಗುವುದಿಲ್ಲ. ಎರಡು ಬೇಕೆಂಬ ನಿಯಮದ ಉದ್ದೇಶ ಎಣಿಕೆ ತುಂಬಿಸುವುದಲ್ಲ. 1997ರ 2182ನೇ ಆರ್‌ಎಫ್‌ಸಿ ಈ ವಿಷಯಕ್ಕೇ ಮೀಸಲಾದದ್ದು. ಸೆಕೆಂಡರಿ ಸರ್ವರ್‌ಗಳು, ಎಂದರೆ ಮೂಲಪ್ರತಿ ಇರುವ ಪ್ರೈಮರಿಯಿಂದ ನಕಲು ಪಡೆದು ಉತ್ತರಿಸುವವು, ಭೌಗೋಳಿಕವಾಗಿಯೂ ಜಾಲದ ರಚನೆಯಲ್ಲಿಯೂ ಪರಸ್ಪರ ದೂರವಿರಬೇಕೆಂದು ಅದು ಒತ್ತಿ ಹೇಳುತ್ತದೆ. 2001ರ ಜನವರಿಯಲ್ಲಿ ಮೈಕ್ರೋಸಾಫ್ಟಿನ ಜಾಲತಾಣಗಳು ದೀರ್ಘಕಾಲ ಕಾಣೆಯಾದಾಗ ಅದರ ನೇಮ್ ಸರ್ವರ್‌ಗಳೆಲ್ಲ ಒಂದೇ ಜಾಲದಲ್ಲಿದ್ದವು, ಅಲ್ಲಿಗೆ ಹೋಗುವ ರೂಟರಿನ ಸಂರಚನೆ ಕೆಟ್ಟೊಡನೆ ಎಲ್ಲವೂ ಒಟ್ಟಿಗೆ ಮರೆಯಾದವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿನ ಬೆನ್ನೆಲುಬಿನ ಜಾಲ ಕಡಿದಾಗ ಅದರ ಡಿಎನ್‌ಎಸ್ ಸರ್ವರ್‌ಗಳು ತಮ್ಮತ್ತ ಬರುವ ದಾರಿಯ ಘೋಷಣೆಯನ್ನೇ ಹಿಂತೆಗೆದುಕೊಂಡವು. ಅದರೊಂದಿಗೆ ಇನ್‌ಸ್ಟಾಗ್ರಾಮ್, ವಾಟ್ಸಾಪ್‌ಗಳೂ ಸುಮಾರು ಆರು ತಾಸು ನಿಂತುಹೋದವು. ಅಂಥ ಸಂಸ್ಥೆಗಳಿಗೇ ಹೀಗಾಗುವಾಗ, ಬೀದಿಯಲ್ಲಿ ಯಾರೋ ಗುಂಡಿ ತೋಡಿ ಕೇಬಲ್ ಕಡಿದರೆ ನಿಲ್ಲುವ ಮನೆಯ ಸಂಪರ್ಕದ ಬಗ್ಗೆ ಹೇಳುವುದೇನಿದೆ.

ವೆಬ್ ಸರ್ವರ್ ನಿಂತರೆ ಜಾಲತಾಣವೊಂದೇ ಕಾಣದಾಗುತ್ತದೆ. ನೇಮ್ ಸರ್ವರ್‌ಗಳೆಲ್ಲ ನಿಂತರೆ ಆ ಡೊಮೇನಿನ ಇಮೇಲ್, ಬೇರೆಡೆ ಸುಸ್ಥಿತಿಯಲ್ಲಿರುವ ಸೇವೆಗಳು, ಎಲ್ಲವೂ ಒಟ್ಟಿಗೆ ಕಾಣದಾಗುತ್ತವೆ. ಇಮೇಲ್ ಮಾತ್ರ ಕೂಡಲೇ ಕಳೆದುಹೋಗುವುದಿಲ್ಲ. ಕಳುಹಿಸುವ ಸರ್ವರ್ ಇದನ್ನು ತಾತ್ಕಾಲಿಕ ದೋಷವೆಂದು ತಿಳಿದು ಕೆಲವು ದಿನ ಪ್ರಯತ್ನಿಸುತ್ತಲೇ ಇರುತ್ತದೆ.

ಹಾಗಾದರೆ ಯಾವ ವ್ಯವಸ್ಥೆಯನ್ನು ಸಲಹೆ ಮಾಡುತ್ತೀರಿ?

ಝೋನನ್ನು ಬರೆಯುವುದು ಮನೆಯಲ್ಲಿ, ಜಗತ್ತಿಗೆ ಉತ್ತರಿಸುವುದು ಹೊರಗೆ. ಇದನ್ನು ಮರೆಯ ಪ್ರೈಮರಿ ಎನ್ನಬಹುದು. ಮನೆಯ ಯಂತ್ರದಲ್ಲಿ ಝೋನಿನ ಮೂಲಪ್ರತಿ ಇರುತ್ತದೆ, ಬದಲಾವಣೆಗಳೆಲ್ಲ ಅಲ್ಲಿಯೇ ಆಗುತ್ತವೆ. ಆದರೆ ಆ ಯಂತ್ರದ ಹೆಸರು ರಿಜಿಸ್ಟ್ರಾರ್ ಬಳಿಯಾಗಲಿ ನೇಮ್ ಸರ್ವರ್‌ಗಳನ್ನು ಹೆಸರಿಸುವ ಎನ್‌ಎಸ್ ರೆಕಾರ್ಡುಗಳಲ್ಲಾಗಲಿ ಇರುವುದಿಲ್ಲ. ಅಲ್ಲಿ ಕಾಣುವುದು ಬೇರೆ ಊರುಗಳಲ್ಲಿ, ಬೇರೆ ಜಾಲಗಳಲ್ಲಿ ಇರುವ ಸೆಕೆಂಡರಿ ಸರ್ವರ್‌ಗಳು ಮಾತ್ರ. ಮನೆಯಲ್ಲಿ ಝೋನ್ ಬದಲಾದೊಡನೆ ಪ್ರೈಮರಿಯು ನೋಟಿಫೈ ಸಂದೇಶ ಕಳುಹಿಸುತ್ತದೆ, ಸೆಕೆಂಡರಿಗಳು ಬಂದು ಇಡೀ ಝೋನನ್ನಾಗಲಿ ಬದಲಾದ ಭಾಗವನ್ನಷ್ಟೇ ಆಗಲಿ ನಕಲು ಮಾಡಿಕೊಂಡು ಹೋಗುತ್ತವೆ. ಈ ವರ್ಗಾವಣೆಗೆ ಟಿಸಿಗ್ ಎಂಬ ಹಂಚಿಕೊಂಡ ಗುಟ್ಟಿನ ಕೀಲಿಯ ಸಹಿ ಇರಲಿ, ಐಪಿ ವಿಳಾಸ ಒಂದನ್ನೇ ನಂಬಿ ಝೋನನ್ನು ಬಿಟ್ಟುಕೊಡಬೇಡಿ.

ಸೆಕೆಂಡರಿಯನ್ನು ಎಲ್ಲಿಂದ ತರುವುದು? ಹರಿಕೇನ್ ಎಲೆಕ್ಟ್ರಿಕ್ ಸಂಸ್ಥೆ ಉಚಿತವಾಗಿಯೇ ಈ ಸೇವೆ ಕೊಡುತ್ತದೆ. ಇದಲ್ಲದೆ ಎರಡು ಬೇರೆ ಕಂಪನಿಗಳ ಚಿಕ್ಕ ವಿಪಿಎಸ್‌ಗಳನ್ನು (ವರ್ಚುವಲ್ ಸರ್ವರ್‌ಗಳನ್ನು) ಬಾಡಿಗೆಗೆ ಪಡೆದು ಎನ್‌ಎಸ್‌ಡಿ ಹಾಕಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ನಕಲು ಮಾಡಿಕೊಳ್ಳಲು ಸೆಕೆಂಡರಿಯೇ ಪ್ರೈಮರಿಯ ಬಳಿಗೆ ಬರಬೇಕಾಗಿರುವುದರಿಂದ, ಕ್ಯಾರಿಯರ್ ಗ್ರೇಡ್ ನ್ಯಾಟ್ ಹಿಂದಿರುವ ಮನೆಗೆ ಉಚಿತ ಸೇವೆಗಳು ಹಾಗೆಯೇ ಒದಗುವುದಿಲ್ಲ. ಆಗ ಮನೆಯಿಂದ ವಿಪಿಎಸ್ ಕಡೆಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದಿಂದ ಸುರಂಗವೊಂದನ್ನು ಹಾಕಿ, 25 ಸೆಕೆಂಡಿಗೊಮ್ಮೆ ಅದು ಎಚ್ಚರವಾಗಿರುವಂತೆ ಹೊಂದಿಸಿ. ಸಂಪರ್ಕ ಮನೆಯಿಂದ ಹೊರಟದ್ದಾದ್ದರಿಂದ ನ್ಯಾಟ್ ಅಡ್ಡಿ ಮಾಡುವುದಿಲ್ಲ, ವಿಪಿಎಸ್ ಅದೇ ಸುರಂಗದೊಳಗಿಂದ ಬಂದು ಝೋನನ್ನು ಒಯ್ಯುತ್ತದೆ. ಉಚಿತ ಸೇವೆಯನ್ನೂ ಸೇರಿಸಬೇಕೆನಿಸಿದರೆ ಅದು ಆ ವಿಪಿಎಸ್‌ನಿಂದ ನಕಲು ಪಡೆಯಲಿ.

ಈ ಏರ್ಪಾಡಿನಲ್ಲಿ ಮನೆಯ ವಿಳಾಸ ದಿನಕ್ಕೆ ಮೂರು ಬಾರಿ ಬದಲಾದರೂ ಯಾರಿಗೂ ತಿಳಿಯುವುದಿಲ್ಲ. ಮನೆಯಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೂ ಡೊಮೇನ್ ಉತ್ತರಿಸುತ್ತಲೇ ಇರುತ್ತದೆ. ಇಷ್ಟಕ್ಕೂ ಝೋನಿನ ಒಡೆತನ ಪೂರ್ತಿಯಾಗಿ ನಿಮ್ಮದೇ. ಇದನ್ನು ಕೇಳಿ, ಹಾಗಾದರೆ ಮನೆಯಲ್ಲಿ ನಡೆಸಿದಂತೆ ಎಲ್ಲಾಯಿತು ಎಂದು ಮುಖ ಚಿಕ್ಕದು ಮಾಡಿಕೊಳ್ಳುವವರಿದ್ದಾರೆ. ದೊಡ್ಡ ಸಂಸ್ಥೆಗಳೂ ತಮ್ಮ ಪ್ರೈಮರಿಯನ್ನು ಮರೆಯಲ್ಲಿಯೇ ಇಡುತ್ತವೆ ಎಂಬುದು ಅವರಿಗೆ ಸಮಾಧಾನ ಕೊಡಲಿ.

ಝೋನಿನ ಮೊದಲಲ್ಲಿ ಬರುವ ಎಸ್‌ಓಎ ರೆಕಾರ್ಡಿನಲ್ಲಿರುವ ಅಂಕಿಗಳನ್ನು ಹೇಗೆ ಇಡಬೇಕು?

ಅದರಲ್ಲಿ ಐದು ಅಂಕಿಗಳಿವೆ. ಸೀರಿಯಲ್ ಸಂಖ್ಯೆ ಹೆಚ್ಚಿದಾಗ ಮಾತ್ರ ಸೆಕೆಂಡರಿಗಳು ಹೊಸ ಪ್ರತಿ ಇದೆಯೆಂದು ನಂಬುತ್ತವೆ. ರಿಫ್ರೆಶ್ ಮತ್ತು ರಿಟ್ರೈ ಎಂಬವು ಸೆಕೆಂಡರಿ ಎಷ್ಟು ಹೊತ್ತಿಗೊಮ್ಮೆ ಬಂದು ವಿಚಾರಿಸಬೇಕು, ಉತ್ತರ ಸಿಗದಿದ್ದರೆ ಎಷ್ಟು ಹೊತ್ತಿಗೆ ಮತ್ತೆ ಬರಬೇಕು ಎಂಬುದನ್ನು ಹೇಳುತ್ತವೆ. ನೋಟಿಫೈ ಸರಿಯಾಗಿ ನಡೆಯುತ್ತಿದ್ದರೆ ಇವೆರಡರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಕ್ಸ್‌ಪೈರ್ ಮಾತ್ರ ಮನೆಯವರಿಗೆ ಮುಖ್ಯ. ಪ್ರೈಮರಿ ಸಿಗದೆ ಅಷ್ಟು ಕಾಲ ಕಳೆದರೆ ಸೆಕೆಂಡರಿ ಉತ್ತರಿಸುವುದನ್ನೇ ನಿಲ್ಲಿಸುತ್ತದೆ. 1912ನೇ ಆರ್‌ಎಫ್‌ಸಿ ಇದಕ್ಕೆ ಎರಡರಿಂದ ನಾಲ್ಕು ವಾರ ಸೂಚಿಸುತ್ತದೆ. ಊರಿಗೆ ಹೋದಾಗ ಮನೆಯ ಮೇನ್ ಸ್ವಿಚ್ ಆರಿಸಿ ಹೋಗುವ ರೂಢಿ ಇದ್ದವರು ನಾಲ್ಕು ವಾರವನ್ನೇ ಇಟ್ಟುಕೊಳ್ಳಲಿ. ಕೊನೆಯ ಅಂಕಿ, 1998ರ 2308ನೇ ಆರ್‌ಎಫ್‌ಸಿಯ ಪ್ರಕಾರ, ಇಲ್ಲದ ಹೆಸರನ್ನು ಇಲ್ಲವೆಂದು ರಿಸಾಲ್ವರ್‌ಗಳು ಎಷ್ಟು ಹೊತ್ತು ನೆನಪಿಡಬೇಕು ಎಂಬುದನ್ನು ತಿಳಿಸುತ್ತದೆ. ಅದನ್ನು ಒಂದು ತಾಸಿಗಿಂತ ಹೆಚ್ಚಿಸಬೇಡಿ. ಇಲ್ಲದಿದ್ದರೆ ರೆಕಾರ್ಡ್ ಹಾಕುವ ಮುನ್ನವೇ ಆತುರದಿಂದ ಪರೀಕ್ಷಿಸಿ ನೋಡಿದ ಹೆಸರು ದಿನವಿಡೀ ಇಲ್ಲವೆಂದೇ ಬರುತ್ತಿರುತ್ತದೆ.

ಸೀರಿಯಲ್ ಸಂಖ್ಯೆಯನ್ನು ಇಸವಿ, ತಿಂಗಳು, ದಿನ, ಆ ದಿನದ ಎಷ್ಟನೇ ಬದಲಾವಣೆ ಎಂಬ ಕ್ರಮದಲ್ಲಿ ಹತ್ತು ಅಂಕಿಗಳಾಗಿ ಬರೆಯುವುದು ರೂಢಿ. 2026 ಎಂದು ಬರೆಯುವಲ್ಲಿ ಕೈತಪ್ಪಿ 2062 ಎಂದಾದರೆ, ಮುಂದೆ ಬರೆಯುವ ಸರಿಯಾದ ಸಂಖ್ಯೆಗಳೆಲ್ಲ ಹಿಂದಿನದಕ್ಕಿಂತ ಚಿಕ್ಕವಾಗಿ, ಸೆಕೆಂಡರಿಗಳು ಯಾವ ಬದಲಾವಣೆಯನ್ನೂ ಸ್ವೀಕರಿಸುವುದಿಲ್ಲ. ಈ ಸಂಖ್ಯೆ 32 ಬಿಟ್‌ಗಳದ್ದಾಗಿದ್ದು ತುದಿ ಮುಟ್ಟಿದ ಮೇಲೆ ಸೊನ್ನೆಗೆ ಸುತ್ತಿ ಬರುವುದರಿಂದ ಪರಿಹಾರವೂ ಇದೆ. ತಪ್ಪಾದ ಸಂಖ್ಯೆಗೆ 2147483647 ಕೂಡಿಸಿ ಪ್ರಕಟಿಸಿ, ಎಲ್ಲ ಸೆಕೆಂಡರಿಗಳೂ ಅದನ್ನು ಪಡೆದವೆಂದು ಖಚಿತವಾದ ಮೇಲೆ ಬೇಕಾದ ಸಂಖ್ಯೆಯನ್ನು ಬರೆಯಿರಿ. ಸುತ್ತಿನ ಲೆಕ್ಕದಲ್ಲಿ ಎರಡೂ ಹೆಜ್ಜೆಗಳು ಮುಂದಕ್ಕೇ ಆಗುತ್ತವೆ. ಝೋನ್ ಫೈಲಿನಲ್ಲಿ ಪೂರ್ಣ ಹೆಸರಿನ ಕೊನೆಗೆ ಚುಕ್ಕಿ ಇಡಲು ಮರೆತರೆ ಡೊಮೇನಿನ ಹೆಸರು ಎರಡು ಬಾರಿ ಅಂಟಿಕೊಳ್ಳುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಮನೆಯ ಸರ್ವರೇ ನೇರವಾಗಿ ಉತ್ತರಿಸಬೇಕೆಂದಿದ್ದರೆ ರೂಟರಿನಲ್ಲಿ ಏನು ಮಾಡಬೇಕು?

ಡಿಎನ್‌ಎಸ್‌ನ 53ನೇ ಪೋರ್ಟನ್ನು ಯುಡಿಪಿ ಮತ್ತು ಟಿಸಿಪಿ (ದತ್ತಾಂಶ ಸಾಗಿಸುವ ಎರಡು ವಿಧಾನಗಳು) ಎರಡಕ್ಕೂ ಫಾರ್ವರ್ಡ್ ಮಾಡಬೇಕು. ಡಿಎನ್‌ಎಸ್‌ಗೆ ಯುಡಿಪಿ ಸಾಕೆಂಬ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ಮೊದಲ ವಿನ್ಯಾಸದಲ್ಲಿ ಯುಡಿಪಿ ಉತ್ತರದ ಮಿತಿ 512 ಬೈಟ್ ಇತ್ತು. ಬಳಿಕ ಬಂದ ವಿಸ್ತರಣೆಯಿಂದ ಅದು ಹಿಗ್ಗಿತಾದರೂ, ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ತುಂಡಾಗಿ ಕಳೆದುಹೋಗುವುದನ್ನು ಕಂಡು 2020ರಲ್ಲಿ ಡಿಎನ್‌ಎಸ್ ತಂತ್ರಾಂಶಗಳ ತಯಾರಕರು ಒಟ್ಟಾಗಿ 1232 ಬೈಟ್‌ಗಳನ್ನು ಸುರಕ್ಷಿತ ಮಿತಿಯೆಂದು ಅಂಗೀಕರಿಸಿದರು. ಅದಕ್ಕಿಂತ ದೊಡ್ಡ ಉತ್ತರಕ್ಕೆ ಟಿಸಿಪಿಯೇ ಗತಿ.

ಉಬುಂಟು ಯಂತ್ರಗಳಲ್ಲಿ ಸಿಸ್ಟಮ್‌ಡಿ ರಿಸಾಲ್ವ್‌ಡಿ ಎಂಬ ಸೇವೆ 127.0.0.53ರಲ್ಲಿ ಆ ಪೋರ್ಟನ್ನು ಮೊದಲೇ ಹಿಡಿದು ಕುಳಿತಿರುತ್ತದೆ. ನಿಮ್ಮ ಸರ್ವರ್ ಯಂತ್ರದ ನಿಜವಾದ ವಿಳಾಸಕ್ಕೆ ಮಾತ್ರ ಕಿವಿಗೊಡುವಂತೆ ಹೊಂದಿಸಿದರೆ ಘರ್ಷಣೆ ತಪ್ಪುತ್ತದೆ. ಪರೀಕ್ಷೆಯನ್ನು ಮನೆಯ ವೈಫೈನಿಂದ ಮಾಡಬೇಡಿ. ಒಳಗಿಂದ ಹೊರಟು ಸ್ವಂತ ಸಾರ್ವಜನಿಕ ವಿಳಾಸಕ್ಕೆ ತಿರುಗಿ ಬರುವ ಪ್ಯಾಕೆಟ್‌ಗಳನ್ನು ಅನೇಕ ರೂಟರ್‌ಗಳು ಕೈಬಿಡುತ್ತವೆ. ಇನ್ನು ಕೆಲವು ತಾವೇ ಉತ್ತರಿಸಿ ಎಲ್ಲ ಸರಿಯಿದೆಯೆಂಬ ಭ್ರಮೆ ಹುಟ್ಟಿಸುತ್ತವೆ. ಫೋನಿನ ಮೊಬೈಲ್ ಡೇಟಾ ಬಳಸಿ, ಇಲ್ಲವೇ ಝೋನ್‌ಮಾಸ್ಟರ್, ಡಿಎನ್‌ಎಸ್‌ವಿಝ್‌ನಂತಹ ಸಾರ್ವಜನಿಕ ಪರೀಕ್ಷಾ ಸಾಧನಗಳನ್ನು ಬಳಸಿ ನೋಡಿ.

ರಿಸಾಲ್ವರನ್ನು ಹೊರಗಿನಿಂದಲೂ ಬಳಸುವಂತೆ ತೆರೆದಿಟ್ಟರೆ ತಪ್ಪೇನು?

ಇದು ಈ ಪುಟದಲ್ಲಿ ಖಡಾಖಂಡಿತವಾಗಿ ಬೇಡವೆನ್ನುವ ಒಂದೇ ವಿಷಯ. ಯುಡಿಪಿಯಲ್ಲಿ ಪ್ರಶ್ನೆ ಕಳುಹಿಸುವವರ ವಿಳಾಸವನ್ನು ಯಾರೂ ಪರಿಶೀಲಿಸುವುದಿಲ್ಲ. ಯಾರೋ ಕಿಡಿಗೇಡಿ ಅಂಚೆ ಕಾರ್ಡಿನಲ್ಲಿ ಕಳುಹಿಸಿದವರ ವಿಳಾಸವೆಂದು ತನಗಾಗದವನ ವಿಳಾಸ ಬರೆದು ನೂರು ಅಂಗಡಿಗಳಿಗೆ ದಪ್ಪನೆಯ ಕ್ಯಾಟಲಾಗ್ ಕಳುಹಿಸಿರೆಂದು ಕೇಳಿದಂತೆ, ದಾಳಿಕೋರನು ಬಲಿಪಶುವಿನ ಐಪಿ ವಿಳಾಸ ಹಾಕಿ ತೆರೆದ ರಿಸಾಲ್ವರ್‌ಗಳಿಗೆಲ್ಲ ಚಿಕ್ಕ ಪ್ರಶ್ನೆ ಕಳುಹಿಸುತ್ತಾನೆ. ಹತ್ತಾರು ಪಟ್ಟು ದೊಡ್ಡದಾದ ಉತ್ತರಗಳು ಬಲಿಪಶುವಿನ ಮೇಲೆ ಬೀಳುತ್ತವೆ. 2013ರ ಮಾರ್ಚ್‌ನಲ್ಲಿ ಸ್ಪ್ಯಾಮ್ ವಿರೋಧಿ ಸಂಸ್ಥೆಯಾದ ಸ್ಪ್ಯಾಮ್‌ಹೌಸ್ ಮೇಲೆ ನಡೆದ, ಸೆಕೆಂಡಿಗೆ ಸುಮಾರು 300 ಗಿಗಾಬಿಟ್ ಮುಟ್ಟಿದ ದಾಳಿ ಇದೇ ತಂತ್ರದ್ದು. ತೆರೆದ ರಿಸಾಲ್ವರನ್ನು ಹುಡುಕುವ ಯಂತ್ರಗಳು ಅಂತರಜಾಲವನ್ನು ಹಗಲಿರುಳು ಜಾಲಾಡುತ್ತಿರುತ್ತವೆ, ನಿಮ್ಮದು ಯಾರಿಗೂ ತಿಳಿಯದೆ ಉಳಿಯುತ್ತದೆ ಎಂದುಕೊಳ್ಳುವಂತಿಲ್ಲ. ಊರಿನ ಹೊರಗಿದ್ದಾಗಲೂ ಮನೆಯ ರಿಸಾಲ್ವರ್ ಬೇಕೆಂದರೆ ಫೋನಿನಿಂದ ಮನೆಗೆ ವೈರ್‌ಗಾರ್ಡ್ ಹಾಕಿಕೊಳ್ಳಿ.

ಅಧಿಕೃತ ಸರ್ವರನ್ನೂ ಈ ಬಗೆಯಲ್ಲಿ ದುರ್ಬಳಕೆ ಮಾಡಬಹುದು. ಅದನ್ನು ಮುಚ್ಚಿಡಲಾಗದ ಕಾರಣ, ಒಂದೇ ವಿಳಾಸಕ್ಕೆ ಒಂದೇ ಉತ್ತರವನ್ನು ಸೆಕೆಂಡಿಗೆ ಇಂತಿಷ್ಟು ಬಾರಿ ಮಾತ್ರ ಕೊಡುವ ಮಿತಿಯನ್ನು ಹಾಕಬೇಕು. ಬೈಂಡ್, ಎನ್‌ಎಸ್‌ಡಿ, ನಾಟ್ ಮೂರರಲ್ಲೂ ಇದಕ್ಕೆ ಸೌಲಭ್ಯವಿದೆ.

ಮನೆಯೊಳಗಿನ ರಿಸಾಲ್ವರಿನಿಂದ ಖಾಸಗಿತನ ಹೆಚ್ಚುತ್ತದೆಯೇ?

ಸ್ವಲ್ಪ ಹೆಚ್ಚುತ್ತದೆ, ಜನ ನಂಬುವಷ್ಟಲ್ಲ. ಅನ್‌ಬೌಂಡ್ ನೇರವಾಗಿ ರೂಟ್ ಸರ್ವರ್‌ಗಳಿಂದ ಆರಂಭಿಸಿದಾಗ ಯಾವ ಸಾರ್ವಜನಿಕ ರಿಸಾಲ್ವರ್ ಕಂಪನಿಗೂ ನಿಮ್ಮ ಪ್ರಶ್ನೆಗಳ ಪೂರ್ತಿ ಪಟ್ಟಿ ಸಿಗುವುದಿಲ್ಲ, ನಿಜ. ಪ್ರತಿ ಹಂತಕ್ಕೂ ಅಗತ್ಯವಿರುವಷ್ಟೇ ಹೆಸರನ್ನು ಹೇಳುವ ಕ್ಯೂನೇಮ್ ಮಿನಿಮೈಸೇಷನ್ ಇದಕ್ಕೆ ನೆರವಾಗುತ್ತದೆ. ಆದರೆ ಈ ಪ್ರಶ್ನೆಗಳೆಲ್ಲ ಮರೆಮಾಚದ ಪಠ್ಯವಾಗಿಯೇ ಹೋಗುವುದರಿಂದ ನಿಮ್ಮ ಇಂಟರ್‌ನೆಟ್ ಸೇವಾದಾರರು ಅವನ್ನು ಓದಬಲ್ಲರು. 853ನೇ ಪೋರ್ಟಿನ ಡಿಎನ್‌ಎಸ್ ಓವರ್ ಟಿಎಲ್‌ಎಸ್ ಮೂಲಕ ಯಾವುದಾದರೂ ದೊಡ್ಡ ರಿಸಾಲ್ವರಿಗೆ ಕಳುಹಿಸಿದರೆ ಸೇವಾದಾರರಿಗೆ ಕಾಣುವುದಿಲ್ಲ, ಆ ಕಂಪನಿಗೆ ಎಲ್ಲವೂ ಕಾಣುತ್ತದೆ. ಯಾರನ್ನು ನಂಬಬೇಕೆಂಬ ಆಯ್ಕೆ ಮಾತ್ರ ನಿಮ್ಮದಾಗುತ್ತದೆ.

53ನೇ ಪೋರ್ಟಿಗೆ ಹೋಗುವ ಪ್ರಶ್ನೆಗಳನ್ನು ನಡುದಾರಿಯಲ್ಲಿ ಹಿಡಿದು ತಮ್ಮದೇ ರಿಸಾಲ್ವರಿನಿಂದ ಉತ್ತರಿಸುವ ಸೇವಾದಾರರೂ ಇದ್ದಾರೆ. ಪತ್ತೆ ಹಚ್ಚುವುದು ಸುಲಭ. ಡಿಎನ್‌ಎಸ್ ಸರ್ವರ್ ಇಲ್ಲವೆಂದು ನಿಮಗೆ ಖಚಿತವಾಗಿ ಗೊತ್ತಿರುವ ವಿಳಾಸವೊಂದಕ್ಕೆ ಡಿಗ್ ಆಜ್ಞೆಯಿಂದ ಒಂದು ಪ್ರಶ್ನೆ ಕೇಳಿ. ಉತ್ತರ ಬಂದರೆ ನಡುವೆ ಯಾರೋ ಕುಳಿತಿದ್ದಾರೆ ಎಂದರ್ಥ. ಅಂಥ ಸಂಪರ್ಕದಲ್ಲಿ ಸ್ವಂತ ರಿಸಾಲ್ವರ್ ಗೂಢಲಿಪಿಯಿಲ್ಲದೆ ಸರಿಯಾಗಿ ನಡೆಯದು.

ಉತ್ತರ ನಕಲಿಯಲ್ಲವೆಂದು ಸಹಿಯಿಂದ ತೋರಿಸುವ ಡಿಎನ್‌ಎಸ್‌ಸೆಕ್ ಹಾಕಿಕೊಳ್ಳಬೇಕೇ?

ರೂಟ್ ಝೋನಿಗೆ 2010ರ ಜುಲೈಯಲ್ಲಿ ಸಹಿ ಬಿದ್ದಂದಿನಿಂದ ಇದು ಪ್ರಾಯೋಗಿಕ ವಸ್ತುವಾಗಿ ಉಳಿದಿಲ್ಲ. ಬೈಂಡ್ ಮತ್ತು ನಾಟ್ ಕೀಲಿಗಳನ್ನು ತಾವೇ ಹುಟ್ಟಿಸಿ, ತಾವೇ ಸಹಿ ನವೀಕರಿಸುತ್ತವೆ. ನೀವು ಕೀಲಿಯ ಗುರುತನ್ನು ಹೊತ್ತ ಡಿಎಸ್ ರೆಕಾರ್ಡನ್ನು ರಿಜಿಸ್ಟ್ರಾರ್ ಬಳಿ ಒಮ್ಮೆ ಹಾಕಬೇಕು. ಹಾಕಿಕೊಳ್ಳಿ, ಆದರೆ ಮನೆಯ ಸ್ಥಿತಿಗೆ ಸಂಬಂಧಿಸಿದ ಎರಡು ಅಪಾಯಗಳನ್ನು ಅರಿತು.

ಸಹಿಗಳಿಗೆ ಅವಧಿ ಇರುತ್ತದೆ. ಬೈಂಡಿನ ಸಾಮಾನ್ಯ ಹೊಂದಿಕೆಯಲ್ಲಿ ಸಹಿ 14 ದಿನ ಬಾಳುತ್ತದೆ, ಮುಗಿಯಲು 5 ದಿನ ಇರುವಾಗ ಹೊಸದು ಬೀಳುತ್ತದೆ. ಎಂದರೆ ಯಾವುದೇ ಕ್ಷಣದಲ್ಲಿ ನಿಮಗೆ ಖಾತರಿಯಾಗಿ ಉಳಿದಿರುವುದು 5 ದಿನ ಮಾತ್ರ. ಎಸ್‌ಓಎಯಲ್ಲಿ ಎಕ್ಸ್‌ಪೈರನ್ನು ನಾಲ್ಕು ವಾರ ಇಟ್ಟು ನಿಶ್ಚಿಂತೆಯಿಂದ ಊರಿಗೆ ಹೋದರೂ, ಮನೆಯ ಯಂತ್ರ ಆರನೆಯ ದಿನಕ್ಕೂ ಆರಿಯೇ ಇದ್ದರೆ ಸೆಕೆಂಡರಿಗಳು ಅವಧಿ ಮೀರಿದ ಸಹಿಗಳನ್ನು ನಿಷ್ಠೆಯಿಂದ ಹಂಚತೊಡಗಬಹುದು, ಸಹಿ ಪರಿಶೀಲಿಸುವ ರಿಸಾಲ್ವರ್‌ಗಳು ಅವನ್ನು ತಿರಸ್ಕರಿಸುತ್ತವೆ. ಮರೆಯ ಪ್ರೈಮರಿ ನಡೆಸುವವರು ಸಹಿಯ ಅವಧಿಯನ್ನೂ ನವೀಕರಣದ ಅಂತರವನ್ನೂ ಎಕ್ಸ್‌ಪೈರಿಗೆ ಹೊಂದುವಂತೆ ಹೆಚ್ಚಿಸಿಕೊಳ್ಳಬೇಕು.

ಎರಡನೆಯದು ಗಡಿಯಾರ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ 5ನೇ ಆವೃತ್ತಿಗಿಂತ ಹಿಂದಿನವುಗಳಲ್ಲಿ ಕರೆಂಟಿಲ್ಲದಾಗಲೂ ಓಡುವ ಗಡಿಯಾರವಿಲ್ಲ, 5ರಲ್ಲಿಯೂ ಬ್ಯಾಟರಿಯನ್ನು ಬೇರೆ ಕೊಳ್ಳಬೇಕು. ಕರೆಂಟು ಬಂದು ಯಂತ್ರ ಎದ್ದಾಗ ಅದರ ಪಾಲಿಗೆ ಕಾಲ ಹಿಂದೆಯೇ ನಿಂತಿರುತ್ತದೆ. ಹೊಸ ಸಹಿಗಳೆಲ್ಲ ಭವಿಷ್ಯದವಾಗಿ ಕಂಡು ರಿಸಾಲ್ವರ್ ಅವನ್ನು ಒಪ್ಪುವುದಿಲ್ಲ. ಸಮಯ ಸರಿಪಡಿಸಿಕೊಳ್ಳಲು ಸಮಯ ತಿಳಿಸುವ ಎನ್‌ಟಿಪಿ ಸರ್ವರಿನ ಹೆಸರನ್ನು ಹುಡುಕಬೇಕು, ಹೆಸರನ್ನು ಹುಡುಕಲು ಸಮಯ ಸರಿಯಿರಬೇಕು. ಎನ್‌ಟಿಪಿ ಸರ್ವರ್‌ಗಳಲ್ಲಿ ಒಂದನ್ನಾದರೂ ಐಪಿ ವಿಳಾಸದಿಂದಲೇ ಬರೆದಿಡುವುದು, ಇಲ್ಲವೇ ಚಿಕ್ಕದೊಂದು ಗಡಿಯಾರದ ಮಾಡ್ಯೂಲ್ ಜೋಡಿಸುವುದು ಇದಕ್ಕೆ ಮದ್ದು.

ಯಾವ ಯಂತ್ರ ಬೇಕು? ಕರೆಂಟ್ ಹೋದಾಗ ಏನು ಮಾಡುವುದು?

ಹತ್ತಿಪ್ಪತ್ತು ರೆಕಾರ್ಡುಗಳ ಝೋನಿಗೆ ಅತಿ ಅಗ್ಗದ ರಾಸ್ಪ್‌ಬೆರಿ ಪೈ ಕೂಡ ಹೆಚ್ಚೇ. ಎಸ್‌ಡಿ ಕಾರ್ಡು ಪದೇ ಪದೇ ಲಾಗ್ ಬರೆಯುವುದರಿಂದ ಬೇಗ ಸವೆಯುತ್ತದೆ, ಪ್ರಶ್ನೆಗಳ ಲಾಗನ್ನು ಆರಿಸಿಡಿ. ಯುಪಿಎಸ್ ಕೊಳ್ಳುವಾಗ ಸರ್ವರಿನ ಜೊತೆಗೆ ರೂಟರನ್ನೂ ಫೈಬರಿನ ಓಎನ್‌ಟಿ ಪೆಟ್ಟಿಗೆಯನ್ನೂ ಅದಕ್ಕೆ ಸೇರಿಸಬೇಕೆಂಬುದು ಮರೆಯಬಾರದ ಸಂಗತಿ. 12 ವೋಲ್ಟಿನ ಚಿಕ್ಕ ರೂಟರ್ ಯುಪಿಎಸ್‌ಗಳು ಇದಕ್ಕೆ ಸಾಕಾಗುತ್ತವೆ.

ಸೇವಾದಾರರ ಷರತ್ತುಗಳು ಇದನ್ನು ಒಪ್ಪುತ್ತವೆಯೇ?

ಅನೇಕ ಮನೆಬಳಕೆಯ ಪ್ಲಾನುಗಳ ಷರತ್ತುಗಳು ಸರ್ವರ್ ನಡೆಸುವುದನ್ನು ನಿಷೇಧಿಸುತ್ತವೆ. ನಿಮ್ಮ ಒಪ್ಪಂದವನ್ನು ಓದಿ ನೋಡಿ. ಮರೆಯ ಪ್ರೈಮರಿಯಿಂದ ಹೊರಗಿನವರಿಗೆ ಯಾವ ಸೇವೆಯೂ ಹೋಗುವುದಿಲ್ಲವಾದ್ದರಿಂದ ತಕರಾರಿಗೆ ಆಸ್ಪದ ಕಡಿಮೆ. ಐಪಿಯಿಂದ ಹೆಸರಿಗೆ ಹೋಗುವ ರಿವರ್ಸ್ ರೆಕಾರ್ಡು ಮಾತ್ರ ವಿಳಾಸದ ಒಡೆಯರಾದ ಸೇವಾದಾರರ ಕೈಯಲ್ಲಿರುತ್ತದೆ, ಸ್ಟ್ಯಾಟಿಕ್ ಐಪಿ ಇದ್ದರೂ ಅವರನ್ನೇ ಕೇಳಬೇಕು.

ಮನೆಯೊಳಗಿನ ಯಂತ್ರಗಳಿಗೆ ಯಾವ ಹೆಸರು ಕೊಡುವುದು?

ಡಾಟ್ ಲೋಕಲ್ ಬೇಡ, ಅದು ನೇಮ್ ಸರ್ವರ್ ಇಲ್ಲದೆ ಯಂತ್ರಗಳೇ ಪರಸ್ಪರ ಹೆಸರು ವಿಚಾರಿಸುವ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು. ಮನೆಯ ಜಾಲಕ್ಕೆಂದೇ 2018ರ 8375ನೇ ಆರ್‌ಎಫ್‌ಸಿ ಹೋಮ್ ಡಾಟ್ ಅರ್ಪಾ ಎಂಬ ಹೆಸರನ್ನು ಕಾಯ್ದಿರಿಸಿದೆ. 2024ರಲ್ಲಿ ಐಕ್ಯಾನ್ ಸಂಸ್ಥೆ ಡಾಟ್ ಇಂಟರ್ನಲ್ ಹೆಸರನ್ನೂ ಖಾಸಗಿ ಬಳಕೆಗೆ ಬಿಟ್ಟುಕೊಟ್ಟಿತು. ಸ್ವಂತ ಡೊಮೇನ್ ಇರುವವರು ಅದರದೇ ಒಂದು ಉಪಹೆಸರನ್ನು ಒಳಗಿನ ರಿಸಾಲ್ವರಿನಲ್ಲಿ ಮಾತ್ರ ಕಾಣುವಂತೆ ಇಡುವುದು ಇನ್ನೂ ಅನುಕೂಲ, ಆಗ ಒಳಗಿನ ಸೇವೆಗಳಿಗೂ ಪ್ರಮಾಣಪತ್ರ ದೊರೆಯುತ್ತದೆ.

ಕನ್ನಡ ಅಕ್ಷರಗಳ ಡೊಮೇನನ್ನು ಸ್ವಂತ ಸರ್ವರಿನಲ್ಲಿ ನಡೆಸಬಹುದೇ?

ನಡೆಸಬಹುದು. ಡಾಟ್ ಭಾರತ ಎಂಬ ಮೇಲ್ಮಟ್ಟದ ಹೆಸರು ಕನ್ನಡ ಲಿಪಿಯಲ್ಲೂ ರೂಟ್ ಝೋನಿನಲ್ಲಿದೆ, ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಝೋನ್ ಫೈಲಿನಲ್ಲಿ ಮಾತ್ರ ಕನ್ನಡ ಅಕ್ಷರಗಳನ್ನು ನೇರವಾಗಿ ಬರೆಯಬಾರದು. ಹೆಸರಿನ ಪ್ರತಿ ಭಾಗವನ್ನೂ ಪ್ಯೂನಿಕೋಡ್ ಎಂಬ ವಿಧಾನದಿಂದ ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳಿಗೆ ಇಳಿಸಿ, ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ರೂಪದಲ್ಲಿ ಬರೆಯಬೇಕು. ಒಂದು ಭಾಗಕ್ಕೆ 63 ಬೈಟ್‌ಗಳ ಮಿತಿ ಈ ಇಳಿಸಿದ ರೂಪಕ್ಕೆ ಅನ್ವಯಿಸುವುದರಿಂದ ಉದ್ದದ ಕನ್ನಡ ಹೆಸರುಗಳು ನಿರೀಕ್ಷೆಗಿಂತ ಬೇಗ ಮಿತಿ ಮುಟ್ಟುತ್ತವೆ.

ಕನ್ನಡಿಗರಿಗೆ ವಿಶೇಷವಾದ ತೊಡಕು ಕಣ್ಣಿಗೆ ಕಾಣದ ಅಕ್ಷರವೊಂದರಿಂದ ಬರುತ್ತದೆ. ರಾಜ್‌ಕುಮಾರ್ ಎಂಬಲ್ಲಿ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯಲು ಕೀಲಿಮಣೆ ಶೂನ್ಯ ಅಗಲದ ಬಿಡಿಕೆಯನ್ನು ಸೇರಿಸುತ್ತದೆ. ಅಂತರರಾಷ್ಟ್ರೀಯ ಡೊಮೇನ್ ಹೆಸರುಗಳ 2003ರ ನಿಯಮಗಳು ಈ ಅಕ್ಷರವನ್ನು ಅಳಿಸಿಹಾಕುತ್ತವೆ. 2008ರ ನಿಯಮಗಳು ಹಲಂತದ ಮುಂದೆ ಅದನ್ನು ಉಳಿಸಿಕೊಳ್ಳಲು ಅವಕಾಶ ಕೊಡುತ್ತವೆ. ಹೀಗಾಗಿ ಒಂದೇ ಹೆಸರನ್ನು ಹಳೆಯ ತಂತ್ರಾಂಶವೊಂದು ಒಂದು ಬಗೆಯಾಗಿಯೂ ಹೊಸದು ಇನ್ನೊಂದು ಬಗೆಯಾಗಿಯೂ ಇಳಿಸಬಹುದು, ಇಳಿಸಿದ ಎರಡು ರೂಪಗಳು ಎರಡು ಬೇರೆ ಡೊಮೇನುಗಳು. ಇಂಥ ಬಿಡಿಕೆ ಬೇಕಾಗದ ಹೆಸರನ್ನೇ ಆರಿಸಿಕೊಳ್ಳುವುದು ಕ್ಷೇಮ. ಉಪಹೆಸರುಗಳಿಗಾದರೆ ಎರಡೂ ರೂಪಗಳನ್ನು ಝೋನಿನಲ್ಲಿ ಹಾಕಿಡಬಹುದು.

ಮುಂದೆ ಇದನ್ನೆಲ್ಲ ಬಿಟ್ಟು ರಿಜಿಸ್ಟ್ರಾರಿನ ಡಿಎನ್‌ಎಸ್‌ಗೆ ಮರಳಬೇಕೆನಿಸಿದರೆ?

ಕ್ರಮ ತಪ್ಪದಿದ್ದರೆ ಯಾರಿಗೂ ತಿಳಿಯದಂತೆ ಮರಳಬಹುದು. ಡಿಎನ್‌ಎಸ್‌ಸೆಕ್ ಇದ್ದರೆ ಮೊದಲು ಡಿಎಸ್ ರೆಕಾರ್ಡನ್ನು ತೆಗೆಸಿ, ಮೇಲಿನ ಝೋನಿನಲ್ಲಿ ಅದರ ಟಿಟಿಎಲ್ ಎಷ್ಟಿದೆಯೋ ಅಷ್ಟು ಹೊತ್ತು ಪೂರ್ತಿಯಾಗಿ ಕಾಯಿರಿ. ಈ ಕಾಯುವಿಕೆಯನ್ನು ಬಿಟ್ಟರೆ ಸಹಿಯಿಲ್ಲದ ಹೊಸ ಉತ್ತರಗಳನ್ನು ರಿಸಾಲ್ವರ್‌ಗಳು ನಕಲಿ ಎಂದು ತಳ್ಳಿಹಾಕುತ್ತವೆ. ಬಳಿಕ ಎಲ್ಲ ರೆಕಾರ್ಡುಗಳನ್ನೂ ಹೊಸ ಜಾಗದಲ್ಲಿ ತುಂಬಿ, ಅಲ್ಲಿನ ಸರ್ವರ್‌ಗಳನ್ನೇ ನೇರವಾಗಿ ಡಿಗ್‌ನಿಂದ ಕೇಳಿ ತಾಳೆ ನೋಡಿ, ಆಮೇಲೆ ರಿಜಿಸ್ಟ್ರಾರ್ ಬಳಿ ನೇಮ್ ಸರ್ವರ್‌ಗಳ ಹೆಸರನ್ನು ಬದಲಾಯಿಸಿ. ಹಳೆಯ ಸೆಕೆಂಡರಿಗಳನ್ನು ಅದೇ ದಿನ ಆರಿಸಬೇಡಿ. ಹಳೆಯ ಹೆಸರುಗಳನ್ನು ನೆನಪಿಟ್ಟುಕೊಂಡ ರಿಸಾಲ್ವರ್‌ಗಳು ಇನ್ನೂ ಎರಡು ದಿನ ಅಲ್ಲಿಗೆ ಬರುತ್ತವೆ. ಲಾಗನ್ನು ಆಗ ಮಾತ್ರ ತೆರೆದಿಟ್ಟು, ನಿಮ್ಮ ಡೊಮೇನಿನ ಪ್ರಶ್ನೆಗಳು ಬರುವುದು ನಿಂತ ಮೇಲೆ ಯಂತ್ರವನ್ನು ಬೇರೆ ಕೆಲಸಕ್ಕೆ ಹಚ್ಚಬಹುದು.